ಚೌಕಿಯಿಲ್ಲದ ರಂಗಸ್ಥಳ: ರಿಯಾಲಿಟಿ ಶೋದೊಳಗಿನ ಹೆಣ್ಣು ಮತ್ತು ‘ಒಪ್ಪಿಯೇ ಹೋದವರಲ್ವಾ’ ಎಂಬ ಪ್ರಶ್ನೆ

ಬಿಗ್ ಬಾಸ್ ಕನ್ನಡದ ಬಾಗಿಲಿಗೆ ಒಂದೇ ವರ್ಷದ ಅಂತರದಲ್ಲಿ ಎರಡು ಸರ್ಕಾರಿ ಸಂಸ್ಥೆಗಳು ಬಂದವು. 2024ರ ಅಕ್ಟೋಬರಿನಲ್ಲಿ, 11ನೇ ಆವೃತ್ತಿ ಆಗಷ್ಟೇ ಶುರುವಾಗಿದ್ದಾಗ, ಸ್ಪರ್ಧಿಗಳ ಖಾಸಗಿತನ ಮತ್ತು ಘನತೆಗೆ ಧಕ್ಕೆಯಾಗುತ್ತಿದೆ ಎಂದು ರಾಜ್ಯ ಮಹಿಳಾ ಆಯೋಗ ಪೊಲೀಸರಿಗೆ ಪತ್ರ ಬರೆಯಿತು. 2025ರ ಅಕ್ಟೋಬರಿನಲ್ಲಿ, 12ನೇ ಆವೃತ್ತಿ ಶುರುವಾಗಿ ಹತ್ತು ದಿನ ತುಂಬುವ ಮೊದಲೇ, ಮಾಲಿನ್ಯ ನಿಯಂತ್ರಣ ಮಂಡಳಿಯ ಆದೇಶದಿಂದ ಬಿಡದಿಯ ಸ್ಟುಡಿಯೊಗೆ ಬೀಗ ಬಿತ್ತು. ಸ್ಪರ್ಧಿಗಳನ್ನು ಬೇರೆಡೆಗೆ ಕಳಿಸಿ, ಕೆಲವೇ ದಿನಗಳಲ್ಲಿ ಮತ್ತೆ ಕರೆತರಲಾಯಿತು.

ಎರಡನೆಯದು ಯಾರಿಗೂ ಗೊಂದಲ ಉಂಟುಮಾಡಲಿಲ್ಲ. ಕೊಳಚೆ ನೀರು ಹರಿದರೆ ಮಂಡಳಿ ಬರುತ್ತದೆ, ಅಷ್ಟೇ. ಮೊದಲನೆಯದು ಮಾತ್ರ ಮಂಗಳೂರು, ಉಡುಪಿಯ ಮನೆಗಳಲ್ಲೂ ಜಗಲಿ ಚರ್ಚೆಗೆ ಕಾರಣವಾಯಿತು. ಹಣ ಪಡೆದು, ಕರಾರಿಗೆ ಸಹಿ ಹಾಕಿ, ತಾವಾಗಿಯೇ ಒಳಗೆ ಹೋದವರ ಬಗ್ಗೆ ಆಯೋಗಕ್ಕೇನು ಕೆಲಸ? ‘ಒಪ್ಪಿಯೇ ಹೋದವರಲ್ವಾ?’ ಈ ಪ್ರಶ್ನೆ ಉಡಾಫೆಯದ್ದಲ್ಲ. ಆದರೆ ಒಪ್ಪಿಗೆ ಎಲ್ಲಿಯವರೆಗೆ ಚಲಾವಣೆಯಾಗುತ್ತದೆ ಎಂಬುದನ್ನು ನೋಡದೆ ಅದಕ್ಕೆ ಉತ್ತರ ಸಿಗುವುದಿಲ್ಲ. ಮನೆಯೊಳಗೆ ಇರಲು ಕೊಟ್ಟ ಒಪ್ಪಿಗೆಯು, ಹೊರಗಿನವರಿಗಾಗಿ ತಯಾರಾಗುವ ಚಾರಿತ್ರ್ಯಕ್ಕೂ ಕೊಟ್ಟ ಒಪ್ಪಿಗೆ ಆಗುತ್ತದೆಯೇ ಎಂಬಲ್ಲಿ ಸ್ತ್ರೀವಾದಿ ವಿಮರ್ಶೆ ಕೈಯಿಡುತ್ತದೆ.

ಗಂಜಿ ಯಾರಿಗೆ ಶಿಕ್ಷೆ?

11ನೇ ಆವೃತ್ತಿಯ ಮನೆ ಸ್ವರ್ಗ, ನರಕ ಎಂದು ಎರಡು ಪಾಲಾಗಿತ್ತು. ಸ್ವರ್ಗದವರಿಗೆ ಸಕಲ ಸೌಕರ್ಯ, ನರಕದವರಿಗೆ ಗಂಜಿ. ಶೌಚಾಲಯಕ್ಕೆ ಹೋಗಲೂ ಇನ್ನೊಬ್ಬರ ಅನುಮತಿ ಕೇಳಬೇಕಾದ ಸ್ಥಿತಿ ಇದೆ ಎಂಬುದು ಆಗ ಎದ್ದ ಆಕ್ಷೇಪಗಳಲ್ಲಿ ಮುಖ್ಯವಾದದ್ದು. ಎರಡನೇ ವಾರದ ಹೊತ್ತಿಗೆ ನರಕವನ್ನೇ ತೆಗೆದುಹಾಕಲಾಯಿತು.

ಕುಚ್ಚಲಕ್ಕಿ ಗಂಜಿಗೆ ಒಂದು ತುಂಡು ಮಾವಿನಮಿಡಿ, ಇದ್ದರೆ ಒಣಮೀನಿನ ಚಟ್ನಿ, ಇಷ್ಟರಲ್ಲಿ ದಿನ ತೆರೆದುಕೊಳ್ಳುವ ಕರಾವಳಿಯ ಮನೆಗಳಲ್ಲಿ ಕುಳಿತು, ಗಂಜಿಯನ್ನು ನರಕದ ಊಟವೆಂದು ತೋರಿಸುವ ಕಾರ್ಯಕ್ರಮ ನೋಡುವುದು ವಿಚಿತ್ರ ಅನುಭವ. ಇದು ನಕ್ಕು ಬಿಡಬಹುದಾದ ಸಂಗತಿ, ಆದರೆ ಪೂರ್ತಿ ಬಿಡುವಂಥದ್ದಲ್ಲ. ಯಾರ ದಿನನಿತ್ಯದ ಬದುಕು ‘ಸಹಜ’, ಯಾರದ್ದು ‘ಶಿಕ್ಷೆ’ ಎಂಬುದನ್ನು ಕಾರ್ಯಕ್ರಮ ರೂಪಿಸುವವರು ಮೊದಲೇ ತೀರ್ಮಾನಿಸಿರುತ್ತಾರೆ. ಊಟಕ್ಕೆ ಅನ್ವಯಿಸುವ ಈ ಮಾತು ಹೆಣ್ಣಿನ ನಡೆ, ಉಡುಪು, ಮಾತಿನ ಧಾಟಿಗೂ ಅನ್ವಯಿಸುತ್ತದೆ.

ಶೌಚಾಲಯದ ವಿಚಾರ ಗಂಜಿಯಷ್ಟು ಹಗುರವಲ್ಲ. ನಿಯಮ ಗಂಡಿಗೂ ಹೆಣ್ಣಿಗೂ ಒಂದೇ ಆಗಿತ್ತು, ಹಾಗಿರುವಾಗ ತಾರತಮ್ಯ ಎಲ್ಲಿಂದ ಬಂತು ಎಂದು ಹಲವರು ಕೇಳಿದರು. ನಿಯಮ ಒಂದೇ ಆದರೂ ಅದು ಬೀಳುವ ದೇಹಗಳು ಒಂದೇ ಅಲ್ಲ. ಮುಟ್ಟಿನ ದಿನಗಳಲ್ಲಿರುವ ಹೆಣ್ಣಿಗೆ ಸ್ನಾನದ ಮನೆಯ ಬಾಗಿಲು ತೆರೆಯಲು ಅನುಮತಿ ಬೇಕೆಂದರೆ, ಕ್ಯಾಮೆರಾಗಳ ಎದುರು ತನ್ನ ದೇಹದ ಸ್ಥಿತಿಯನ್ನು ಘೋಷಿಸಿದ ಹಾಗೆಯೇ ಆಗುತ್ತದೆ. ಮಹಿಳಾ ಆಯೋಗವೇ ಏಕೆ ಬರೆಯಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಉದ್ದದ ವಿವರಣೆ ಬೇಕಿಲ್ಲ.

ಒಂದು ದಿನ ಒಂದೂವರೆ ಗಂಟೆಯಾಗುವಾಗ

ಈ ಮಾದರಿಯ ಮೂಲ ‘ಬಿಗ್ ಬ್ರದರ್’, 1999ರ ನೆದರ್‌ಲ್ಯಾಂಡ್ಸಿನದ್ದು. ಹಿಂದಿಗೆ 2006ರಲ್ಲಿ, ಕನ್ನಡಕ್ಕೆ 2013ರಲ್ಲಿ ಬಂತು. ಚಾನೆಲ್ ಬದಲಾಗಿದೆ, ಮನೆ ಬದಲಾಗಿದೆ, ಹೂರಣ ಬದಲಾಗಿಲ್ಲ: ಹೊರಗಿನ ಸಂಪರ್ಕವಿಲ್ಲ, ಗಡಿಯಾರವಿಲ್ಲ, ವಾರಕ್ಕೊಮ್ಮೆ ಒಬ್ಬರು ಹೊರಗೆ.

ಇಪ್ಪತ್ತನಾಲ್ಕು ಗಂಟೆಯ ಚಿತ್ರೀಕರಣದಿಂದ ಸುಮಾರು ಒಂದೂವರೆ ಗಂಟೆಯ ಸಂಚಿಕೆಯನ್ನು ಸೋಸಿ ತೆಗೆಯುವಾಗ ಏನಾಗಬಹುದು ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡಬಹುದು. ಬೆಳಿಗ್ಗೆ ಎಂಟಕ್ಕೆ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರು ಹದಿನೈದು ಮಂದಿಗೆ ಚಪಾತಿ ಲಟ್ಟಿಸುತ್ತಿದ್ದಾರೆ. ಪಾತ್ರೆ ತೊಳೆಯುವ ಸರದಿಯವನು ಇನ್ನೂ ಎದ್ದಿಲ್ಲ. ಒಬ್ಬಳು ಮೂರು ಸಲ ಸಮಾಧಾನದಿಂದ ಕರೆಯುತ್ತಾಳೆ, ನಾಲ್ಕನೇ ಸಲ ಸ್ವರ ಏರಿಸುತ್ತಾಳೆ. ಸಂಚಿಕೆಯಲ್ಲಿ ಉಳಿಯುವುದು ನಾಲ್ಕನೆಯದು ಮಾತ್ರ. ಅದರ ಹಿಂದೆ ಡೋಲಿನ ಸದ್ದು, ಮುಂದೆ ಇನ್ನೊಬ್ಬಳು ಹುಬ್ಬೇರಿಸಿದ ಒಂದು ಕ್ಷಣ. ಆ ಹುಬ್ಬು ಏರಿದ್ದು ಬೇರೆ ಯಾವುದಕ್ಕೋ ಇರಬಹುದು. ನೋಡುವವರಿಗೆ ಸಿಗುವುದು ‘ಹೆಂಗಸರ ಜಗಳ’, ಮಲಗಿದ್ದವನು ಕಥೆಯಲ್ಲೇ ಇಲ್ಲ.

ಕನ್ನಡದಲ್ಲಿ ಇಂಥ ಹೆಣ್ಣಿಗೆ ಸಿದ್ಧ ಪದಗಳಿವೆ: ಬಜಾರಿ, ಗಯ್ಯಾಳಿ, ಗಂಡುಬೀರಿ. ಸ್ವರ ಏರಿಸಿದ ಗಂಡಸಿಗೆ ಇದಕ್ಕೆ ಸಮನಾದ ಬೈಗುಳ ಹುಡುಕಿದರೆ ನಿಘಂಟು ಕೈಕೊಡುತ್ತದೆ. ಅವನು ಹೆಚ್ಚೆಂದರೆ ‘ಮುಂಗೋಪಿ, ಆದರೆ ಮನಸ್ಸು ಒಳ್ಳೆಯದು’. ಕಾರ್ಯಕ್ರಮವು ಈ ಪದಗಳನ್ನು ಹುಟ್ಟಿಸಿದ್ದಲ್ಲ. ಅವು ಸಮಾಜದಲ್ಲಿ ಸಿದ್ಧವಾಗಿ ಇರುವುದರಿಂದ ಸಂಕಲನಕಾರನ ಕೆಲಸ ಸುಲಭವಾಗುತ್ತದೆ, ಮೂರು ಸೆಕೆಂಡಿನ ದೃಶ್ಯಕ್ಕೆ ಉಳಿದ ಅರ್ಥವನ್ನು ವೀಕ್ಷಕರೇ ತುಂಬಿಕೊಳ್ಳುತ್ತಾರೆ.

ವಿಮಾನದ ಗಗನಸಖಿಯರ ಕೆಲಸವನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ‘ಭಾವದ ದುಡಿಮೆ’ ಎಂಬ ಪರಿಕಲ್ಪನೆ ಮುಂದಿಟ್ಟರು. ನಗುವುದು, ಸಿಟ್ಟು ನುಂಗುವುದು, ಇನ್ನೊಬ್ಬರನ್ನು ಸಮಾಧಾನಪಡಿಸುವುದು ಸಹ ಕೆಲಸವೇ, ಅದರ ಹೊರೆ ಹೆಣ್ಣಿನ ಮೇಲೆ ಹೆಚ್ಚು ಬೀಳುತ್ತದೆ ಎಂಬುದು ಅದರ ತಿರುಳು. ಬಿಗ್ ಬಾಸ್ ಮನೆಯಲ್ಲಿ ಅಳುವವರನ್ನು ಯಾರು ಸಮಾಧಾನ ಮಾಡುತ್ತಾರೆ, ಜ್ವರ ಬಂದವರಿಗೆ ಯಾರು ಕಷಾಯ ಕಾಸುತ್ತಾರೆ ಎಂದು ಒಂದು ವಾರ ಲೆಕ್ಕವಿಟ್ಟು ನೋಡಿದರೆ ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂಬುದು ನೋಡುವವರಿಗೇ ಗೊತ್ತಾಗುತ್ತದೆ. ಮಾಡಿದರೆ ‘ಅಮ್ಮನ ಹಾಗೆ’ ಎಂಬ ಹೊಗಳಿಕೆ, ಮಾಡದಿದ್ದರೆ ‘ಅಟಿಟ್ಯೂಡ್’.

ಚೌಕಿ ಎಲ್ಲಿದೆ?

ಕರಾವಳಿಯವರಿಗೆ ವೇಷ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಯಕ್ಷಗಾನದಲ್ಲಿ ಗಂಡಸರು ಸ್ತ್ರೀವೇಷ ಮಾಡಿ ತಲೆಮಾರುಗಳೇ ಕಳೆದಿವೆ. ತಾಳಮದ್ದಳೆಯಲ್ಲಿ ಇವತ್ತು ಕೃಷ್ಣನ ಅರ್ಥ ಹೇಳಿದವರು ನಾಳೆ ಕೌರವನ ಪರ ಅಷ್ಟೇ ಬಿರುಸಿನಿಂದ ವಾದಿಸುತ್ತಾರೆ. ಅವರ ಗುಣ ಇಂಥದ್ದು ಎಂದು ಅದರಿಂದ ಯಾರೂ ತೀರ್ಮಾನಿಸುವುದಿಲ್ಲ. ಏಕೆಂದರೆ ಆಟಕ್ಕೆ ರಂಗಸ್ಥಳದಷ್ಟೇ ಮುಖ್ಯವಾಗಿ ಒಂದು ಚೌಕಿ ಇದೆ. ಅಲ್ಲಿ ಬಣ್ಣ ಏರುತ್ತದೆ, ಬೆಳಗಾಗುವಾಗ ಅಲ್ಲೇ ಬಣ್ಣ ಇಳಿಯುತ್ತದೆ.

ರಿಯಾಲಿಟಿ ಶೋದ ವಿಶೇಷವೆಂದರೆ ಅದು ಚೌಕಿಯನ್ನೇ ಕಿತ್ತುಹಾಕಿದ ರಂಗಸ್ಥಳ. ಸ್ಪರ್ಧಿ ವೇಷದಲ್ಲಿದ್ದಾಳೆ ಎಂದು ಕಾರ್ಯಕ್ರಮ ಒಪ್ಪುವುದಿಲ್ಲ. ಕಾಣುವುದೇ ಆಕೆಯ ‘ಅಸಲಿ ಮುಖ’ ಎನ್ನುತ್ತದೆ. ಹಾಗಿದ್ದೂ ‘ನಾಟಕ ಮಾಡುತ್ತಿದ್ದಾಳೆ’, ‘ಫೇಕ್’ ಎಂಬುದು ಅಲ್ಲಿ ಬಹಳ ದೊಡ್ಡ ಆರೋಪ. ಕ್ಯಾಮೆರಾಗಳ ಕೆಳಗೆ ನಟಿಸದೆ ಇರಬೇಕು, ಆದರೆ ನೋಡಿಸಿಕೊಳ್ಳುವಂತಿರಬೇಕು ಎಂಬ ಈ ಬೇಡಿಕೆ ಗಂಡಿಗೂ ಇದೆ. ಹೆಣ್ಣಿಗೆ ಅದು ಎರಡು ಪಟ್ಟು, ಏಕೆಂದರೆ ಆಕೆಯ ಅಲಂಕಾರ, ಅಳು, ಸ್ನೇಹ ಇವೆಲ್ಲವೂ ಮೊದಲಿನಿಂದಲೇ ಶಂಕೆಗೆ ಒಳಗಾದ ವಸ್ತುಗಳು. ಹೊರಬಂದ ಮೇಲೂ ಬಣ್ಣ ಇಳಿಸಲು ಜಾಗವಿಲ್ಲ: ಒಂದು ದೃಶ್ಯದ ತುಣುಕು ರೀಲ್ಸ್ ಆಗಿ ವರ್ಷಗಟ್ಟಲೆ ಸುತ್ತುತ್ತದೆ, ನೆಂಟಸ್ತಿಕೆ ಮಾತಾಡುವ ಮನೆಯವರೆಗೂ ಹೋಗುತ್ತದೆ.

ಲಿಂಗತ್ವದ ಗುರುತು ಗಂಡು–ಹೆಣ್ಣಿನ ಚೌಕಟ್ಟಿಗೆ ಹೊಂದದವರ ವಿಷಯದಲ್ಲಿ ಇದು ಇನ್ನೊಂದು ಬಗೆಯಲ್ಲಿ ಕೆಲಸ ಮಾಡುತ್ತದೆ. 6ನೇ ಆವೃತ್ತಿಯಲ್ಲಿ ಡ್ರ್ಯಾಗ್ ಕಲಾವಿದ ಆಡಂ ಪಾಷಾ, 2023ರ 10ನೇ ಆವೃತ್ತಿಯಲ್ಲಿ ಟ್ರಾನ್ಸ್‌ಜೆಂಡರ್ ಮಹಿಳೆ ನೀತು ವನಜಾಕ್ಷಿ ಮನೆಯೊಳಗೆ ಹೋದರು. ಲಕ್ಷಾಂತರ ಮನೆಗಳಲ್ಲಿ ಮೊದಲ ಬಾರಿಗೆ ಇಂಥ ಬದುಕಿನ ಮಾತು ಊಟದ ಹೊತ್ತಿಗೆ ಕೇಳಿಬಂದದ್ದು ಸಣ್ಣ ಸಂಗತಿಯಲ್ಲ. ಆದರೆ ಇಂಥವರನ್ನು ಪರಿಚಯಿಸುವಾಗ ಗುರುತೇ ಕಥೆಯಾಗಿಬಿಡುವ ಅಪಾಯವಿದೆ. ಉಳಿದವರಿಗೆ ಆಟವಾಡಲು ಅವಕಾಶ ಸಿಗುತ್ತಿರುವಾಗ ಇವರಿಗೆ ತಮ್ಮ ಇರವನ್ನೇ ವಿವರಿಸುವ ಕೆಲಸ ಬೀಳುತ್ತದೆ.

ಗೆದ್ದವರ ಪಟ್ಟಿ

ಮೊದಲ 11 ಆವೃತ್ತಿಗಳಲ್ಲಿ ಟ್ರೋಫಿ ಗೆದ್ದ ಹೆಣ್ಣು ಒಬ್ಬರೇ: 3ನೇ ಆವೃತ್ತಿಯಲ್ಲಿ ನಟಿ ಶ್ರುತಿ. ಉಳಿದ ಹತ್ತೂ ಗಂಡಸರ ಪಾಲು. ಕರಾವಳಿಯ ಲೆಕ್ಕ ತೆಗೆದರೆ 7ನೇ ಆವೃತ್ತಿಯಲ್ಲಿ ಶೈನ್ ಶೆಟ್ಟಿ, 9ನೇ ಆವೃತ್ತಿಯಲ್ಲಿ ರೂಪೇಶ್ ಶೆಟ್ಟಿ ಗೆದ್ದರು, 8ರಲ್ಲಿ ಉಡುಪಿಯ ಬೈಕ್ ರೇಸರ್ ಅರವಿಂದ್ ಕೆ.ಪಿ. ಎರಡನೆಯವರಾದರು. ಊರಿಗೆ ಹೆಮ್ಮೆಯೇ. ಆದರೆ ಮೂವರೂ ಗಂಡಸರು ಎಂಬುದು ಫ್ಲೆಕ್ಸ್ ಕಟ್ಟುವ ಸಂಭ್ರಮದಲ್ಲಿ ಯಾರ ಗಮನಕ್ಕೂ ಬಂದಂತಿಲ್ಲ.

ಜನರೇ ಮತ ಹಾಕುವುದು, ಇದರಲ್ಲಿ ಚಾನೆಲ್ಲಿನ ತಪ್ಪೇನು ಎಂಬ ಸಮರ್ಥನೆ ಇದೆ. ಅದರಲ್ಲಿ ಅರ್ಧ ಸತ್ಯವಿದೆ. ಮತ ಹಾಕುವವರ ಮುಂದೆ ಇರುವುದು ಸೋಸಿದ ಒಂದೂವರೆ ಗಂಟೆ. ಅದರ ಮೇಲೆ ವಾರಾಂತ್ಯದಲ್ಲಿ ನಿರೂಪಕರ ತೀರ್ಪು ಬರುತ್ತದೆ. ‘ವಾರದ ಕತೆ ಕಿಚ್ಚನ ಜೊತೆ’ಯಲ್ಲಿ ಸುದೀಪ್ ಎದುರು ಸ್ಪರ್ಧಿಗಳು ಸಾಲಾಗಿ ಕುಳಿತಿರುವ ದೃಶ್ಯದಲ್ಲಿ ಮನೆಯ ಹಿರಿಯ ಗಂಡಸು ಊಟದ ನಂತರ ಎಲ್ಲರನ್ನೂ ಕೂರಿಸಿ ತಪ್ಪು–ಒಪ್ಪು ಹೇಳುವ ಹಳೆಯ ಚಿತ್ರವೇ ಇದೆ. ಅವರು ಹಲವು ಬಾರಿ ಹೆಂಗಸರ ಪರವಾಗಿ ಕಟುವಾಗಿ ಮಾತಾಡಿದ್ದನ್ನು ವೀಕ್ಷಕರು ಮೆಚ್ಚಿಕೊಂಡಿದ್ದಾರೆ, ಮೆಚ್ಚಬೇಕಾದದ್ದೇ. ಹೆಣ್ಣಿಗೆ ನ್ಯಾಯ ಸಿಗುವುದು ಅವರ ಬಾಯಿಂದಲೇ ಎಂಬ ಏರ್ಪಾಡು ಮಾತ್ರ ಆ ಮೆಚ್ಚುಗೆಯಿಂದ ಬದಲಾಗುವುದಿಲ್ಲ. ಹೀಗಾಗಿ ಮತಪೆಟ್ಟಿಗೆಗೆ ಬರುವ ಹೊತ್ತಿಗೆ, ಜೋರಾಗಿ ಆಡಿದ ಹೆಣ್ಣು ‘ಜಗಳಗಂಟಿ’ಯಾಗಿ, ಮೃದುವಾಗಿ ಆಡಿದವಳು ‘ಕಾಣಿಸಿಕೊಳ್ಳದವಳು’ ಆಗಿ ಕುಂದಿರುತ್ತಾಳೆ.

ಉಚ್ಚಾರದ ಮೇಲೆ ವಿಚಾರಣೆ

12ನೇ ಆವೃತ್ತಿಗೆ ಹೋದ ಕರಾವಳಿ ಮೂಲದ ಯೂಟ್ಯೂಬರ್ ಯುವತಿಯೊಬ್ಬರ ಕನ್ನಡ ರಾಜ್ಯದಾದ್ಯಂತ ಚರ್ಚೆಯ ವಸ್ತುವಾಯಿತು. ಇದು ನಿಜವಾದ ಮಾತೋ, ಬೇಕೆಂದೇ ಮಾಡುವ ಮುದ್ದು ನಟನೆಯೋ ಎಂಬ ವಾಗ್ವಾದ ಮನೆಯ ಒಳಗೂ ಹೊರಗೂ ನಡೆಯಿತು.

ಇಲ್ಲಿನ ಹಿನ್ನೆಲೆ ಗೊತ್ತಿಲ್ಲದವರಿಗೆ ಈ ಗೊಂದಲ ಸಹಜ. ಮಂಗಳೂರು, ಉಡುಪಿಯ ಬಹಳಷ್ಟು ಮನೆಗಳಲ್ಲಿ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಸಿಗುವುದು ಶಾಲೆಯಲ್ಲಿ. ಹಾಗಾಗಿ ಅದು ಪುಸ್ತಕದ ಕನ್ನಡಕ್ಕೆ ಹತ್ತಿರ, ಅದರ ಏರಿಳಿತ ತುಳುವಿನದ್ದು. ‘ಎಂತ ಮಾರಾಯ್ರೆ’ ಎಂಬುದನ್ನು ಹಳೇ ಮೈಸೂರಿನ ಕಿವಿಗೆ ತಮಾಷೆಯಾಗಿ ಕೇಳಿಸುವಂತೆ ಸಿನಿಮಾ, ಹಾಸ್ಯ ಕಾರ್ಯಕ್ರಮಗಳು ದಶಕಗಳಿಂದ ಬಳಸಿವೆ. ಇದೇ ಧಾಟಿ ಕರಾವಳಿಯ ಗಂಡಸಿನ ಬಾಯಲ್ಲಿ ‘ಮುಗ್ಧ’, ‘ಊರಿನ ಸೊಗಡು’ ಎನಿಸಿಕೊಂಡರೆ, ಹೆಣ್ಣಿನ ಬಾಯಲ್ಲಿ ‘ಓವರ್ ಆ್ಯಕ್ಟಿಂಗ್’ ಎಂದು ತನಿಖೆಗೆ ಗುರಿಯಾಗುವುದು ಇಲ್ಲಿ ಗಮನಿಸಬೇಕಾದ ಅಂಶ. ಊರಿನ ಗುರುತು ಮತ್ತು ಹೆಣ್ಣಿನ ಗುರುತು ಬೇರೆಬೇರೆಯಾಗಿ ತೂಗಲ್ಪಡುವುದಿಲ್ಲ. ಎರಡೂ ಸೇರಿದಾಗ ಹೊರೆ ಹೆಚ್ಚುತ್ತದೆ.

ಇದಕ್ಕೆ ಜಗತ್ತಿನ ಮಟ್ಟದ ಪೂರ್ವನಿದರ್ಶನವೂ ಮಂಗಳೂರಿಗೇ ಸೇರಿದ್ದು. 1975ರಲ್ಲಿ ಇಲ್ಲೇ ಹುಟ್ಟಿದ ಶಿಲ್ಪಾ ಶೆಟ್ಟಿ 2007ರ ಜನವರಿಯಲ್ಲಿ ಬ್ರಿಟನ್ನಿನ ‘ಸೆಲೆಬ್ರಿಟಿ ಬಿಗ್ ಬ್ರದರ್’ ಮನೆಯಲ್ಲಿದ್ದಾಗ ಸಹಸ್ಪರ್ಧಿಗಳು ಅವರ ಉಚ್ಚಾರವನ್ನು ಅಣಕಿಸಿದರು, ‘ಪಪ್ಪಡಮ್’ ಎಂದು ಹೆಸರಿಗೆ ಹಪ್ಪಳ ಸೇರಿಸಿ ಕರೆದರು, ಅವರು ಮಾಡಿದ ಅಡುಗೆಯ ಬಗ್ಗೆ ಹೀಯಾಳಿಸಿದರು. ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್‌ಗೆ 44,000ಕ್ಕೂ ಹೆಚ್ಚು ದೂರುಗಳು ಹೋದವು. ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ಶಿಲ್ಪಾ ಶೇ. 63ರಷ್ಟು ಮತ ಪಡೆದು ಗೆದ್ದರು. ಆ ವರ್ಷದ ಮೇ ತಿಂಗಳಲ್ಲಿ ಚಾನೆಲ್ 4 ಪ್ರಸಾರ ಸಂಹಿತೆ ಮುರಿದಿದೆ ಎಂದು ಆಫ್‌ಕಾಮ್ ತೀರ್ಮಾನಿಸಿತು, ಆ ತೀರ್ಮಾನದ ಸಾರವನ್ನು ಚಾನೆಲೇ ಪ್ರಸಾರ ಮಾಡಬೇಕಾಯಿತು.

ಈ ಕಥೆಯನ್ನು ಇಲ್ಲಿಗೆ ಮುಗಿಸುವುದು ಊರಿನ ಅಭಿಮಾನಕ್ಕೆ ಹಿತ. ಆದರೆ ಅಣಕಿಸಿದವರಲ್ಲಿ ಪ್ರಮುಖಳಾದ ಜೇಡ್ ಗುಡಿ ಯಾರು ಎಂಬುದನ್ನೂ ನೋಡಬೇಕು. ಲಂಡನ್ನಿನ ಬಡ ದುಡಿಯುವ ವರ್ಗದಿಂದ ಬಂದ ಈ ಯುವತಿಯನ್ನು 2002ರಲ್ಲಿ ಇದೇ ಕಾರ್ಯಕ್ರಮ ಪ್ರಸಿದ್ಧಿಗೆ ತಂದಿತ್ತು, ಆಗ ಬ್ರಿಟಿಷ್ ಟ್ಯಾಬ್ಲಾಯ್ಡ್ ಪತ್ರಿಕೆಗಳು ಆಕೆಯ ದೇಹವನ್ನೂ ಓದಿಲ್ಲದ ಮಾತನ್ನೂ ನಿರ್ದಯವಾಗಿ ಗೇಲಿ ಮಾಡಿದ್ದವು. 2007ರಲ್ಲಿ ಆಕೆ ಆಡಿದ ಜನಾಂಗೀಯ ಮಾತಿಗೆ ಆಕೆಯೇ ಹೊಣೆ. ಆದರೆ ಒಬ್ಬ ಹೆಣ್ಣಿನ ಕೈಯಿಂದ ಇನ್ನೊಬ್ಬ ಹೆಣ್ಣನ್ನು ಹೊಡೆಸಿ, ಹೊಡೆದವಳನ್ನು ಖಳನಾಯಕಿ ಮಾಡಿ, ಎರಡೂ ಹಂತದಲ್ಲಿ ಜಾಹೀರಾತು ಮಾರಿದ ಕಾರ್ಯಕ್ರಮದ ಪಾತ್ರ ಅದರಲ್ಲಿ ಮರೆಯಾಯಿತು. 2008ರಲ್ಲಿ ಶಿಲ್ಪಾ ನಿರೂಪಿಸುತ್ತಿದ್ದ ಹಿಂದಿ ಬಿಗ್ ಬಾಸ್‌ಗೆ ಜೇಡ್ ಸ್ಪರ್ಧಿಯಾಗಿ ಬಂದರು. ಗರ್ಭಕಂಠದ ಕ್ಯಾನ್ಸರ್ ಇದೆ ಎಂಬ ಸುದ್ದಿ ಆಕೆಗೆ ತಲುಪಿದ್ದು ಆ ಮನೆಯೊಳಗೆ ಇದ್ದಾಗಲೇ. 2009ರ ಮಾರ್ಚಿನಲ್ಲಿ, 27ರ ವಯಸ್ಸಿನಲ್ಲಿ, ತೀರಿಕೊಂಡರು.

ಒಪ್ಪಿಗೆಯ ವಾದ, ಸಂಸ್ಕೃತಿಯ ವಾದ

ಈಗ ಮೊದಲ ಪ್ರಶ್ನೆಗೆ ಬರಬಹುದು. ಒಪ್ಪಿಗೆಯನ್ನು ಮುಂದಿಡುವವರು ಹೇಳುವುದಿಷ್ಟು: ಇವರು ವಯಸ್ಕರು, ಆಟ ಯಾವುದೆಂದು ಗೊತ್ತಿರುವವರು, ಪ್ರಸಿದ್ಧಿ ಮತ್ತು ಹಣಕ್ಕಾಗಿ ಅಪಾಯ ಒಪ್ಪಿಕೊಂಡವರು, ಅವರನ್ನು ‘ಕಾಪಾಡಲು’ ಹೋಗುವುದೇ ಹೆಣ್ಣನ್ನು ಚಿಕ್ಕವಳನ್ನಾಗಿ ಮಾಡುವ ಕೆಲಸ. ಸ್ತ್ರೀವಾದಿಗಳಲ್ಲೇ ಹಲವರು ಈ ಮಾತಿನ ಕೊನೆಯ ಭಾಗವನ್ನು ಒಪ್ಪುತ್ತಾರೆ. ಸಣ್ಣ ಊರಿನ ಹುಡುಗಿಗೆ ಗಾಡ್‌ಫಾದರ್ ಇಲ್ಲದೆ ಹೆಸರು ಮಾಡಲು ಇರುವ ಕೆಲವೇ ದಾರಿಗಳಲ್ಲಿ ಇದೂ ಒಂದು ಎಂಬುದು ನಿಜ.

ಇನ್ನೊಂದು ಕಡೆಯಿಂದ ಕೇಳಿಬರುವುದು ಸಂಸ್ಕೃತಿಯ ವಾದ: ಗಂಡು ಹೆಣ್ಣು ಒಂದೇ ಮನೆಯಲ್ಲಿ ಇರುವುದೇ ತಪ್ಪು, ಕಾರ್ಯಕ್ರಮ ನಿಲ್ಲಿಸಿ. ಮಂಗಳೂರಿನ ಓದುಗರು ಈ ವಾದದ ಬಗ್ಗೆ ಎಚ್ಚರದಿಂದಿರಲು ಕಾರಣವಿದೆ. 2009ರ ಜನವರಿ 24ರಂದು ಇಲ್ಲಿನ ಪಬ್‌ನಲ್ಲಿ ಯುವತಿಯರನ್ನು ಹೊಡೆದು ಎಳೆದಾಡಿದ್ದು ಇದೇ ‘ಸಂಸ್ಕೃತಿ’ಯ ಹೆಸರಿನಲ್ಲಿ, ಕ್ಯಾಮೆರಾಗಳ ಕಣ್ಣೆದುರೇ. ಆ ದೃಶ್ಯ ದೇಶದ ಚಾನೆಲ್‌ಗಳಲ್ಲಿ ದಿನಗಟ್ಟಲೆ ತಿರುಗಿತು. ಆರೋಪಿಗಳು 2018ರಲ್ಲಿ ಖುಲಾಸೆಯಾದರು. ಹೆಣ್ಣಿನ ಘನತೆಗಾಗಿ ಎದ್ದ ದೂರು, ಹೆಣ್ಣು ಹೇಗಿರಬೇಕು ಎಂಬ ಫರ್ಮಾನಾಗಿ ಬದಲಾಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಈ ಲೇಖನದ ನಿಲುವು ಎರಡಕ್ಕೂ ಹೊರಗಿನದು. ಒಪ್ಪಿಗೆ ನಿಜ, ಆದರೆ ಅದು ಗೊತ್ತಿರುವ ಸಂಗತಿಗೆ ಮಾತ್ರ ಕೊಡಬಹುದಾದದ್ದು. ಮನೆಯೊಳಗೆ ಕಾಲಿಡುವವಳಿಗೆ ಕ್ಯಾಮೆರಾ ಇದೆ ಎಂದು ಗೊತ್ತು. ತನ್ನ ನಾಲ್ಕನೇ ಕೂಗು ಮಾತ್ರ ಉಳಿಯುತ್ತದೆ ಎಂದು ಗೊತ್ತಿಲ್ಲ, ಪ್ರಸಾರದ ಮೊದಲು ಅದನ್ನು ನೋಡುವ ದಾರಿಯೂ ಇಲ್ಲ. ಹಾಗಾಗಿ ಪ್ರಶ್ನೆ ಕೇಳಬೇಕಾದದ್ದು ಆಕೆಯ ಉಡುಪಿನ ಬಗ್ಗೆ ಅಲ್ಲ, ಸಂಕಲನದ ಕೋಣೆಯ ಬಗ್ಗೆ.

ಯಾರ ಕೈಯಲ್ಲಿ ಏನಿದೆ

ಮಾಲಿನ್ಯ ಮಂಡಳಿಗೆ 1974ರ ಜಲ ಕಾಯ್ದೆಯಡಿ ಘಟಕ ಮುಚ್ಚಿಸುವ ಅಧಿಕಾರವಿದೆ, ಆದ್ದರಿಂದ ಬೀಗ ಬಿತ್ತು. ಮಹಿಳಾ ಆಯೋಗ ವಿಚಾರಿಸಬಹುದು, ವರದಿ ತರಿಸಿಕೊಳ್ಳಬಹುದು, ಶಿಫಾರಸು ಮಾಡಬಹುದು. ಬೀಗ ಹಾಕಲು ಬರುವುದಿಲ್ಲ. ಹೀಗಾಗಿ ನರಕ ತೆಗೆದದ್ದು ಕಾನೂನಿನ ತೀರ್ಪಿನಿಂದಲ್ಲ, ಮುಜುಗರದಿಂದ ಎಂದೇ ತಿಳಿಯಬೇಕಾಗುತ್ತದೆ, ಮುಜುಗರ ಪೂರ್ವನಿದರ್ಶನವಾಗುವುದಿಲ್ಲ.

ಕೇಬಲ್ ಟೆಲಿವಿಷನ್ ನಿಯಮಗಳ ಕಾರ್ಯಕ್ರಮ ಸಂಹಿತೆ ಹೆಣ್ಣನ್ನು ಹೀಗಳೆಯುವ ಚಿತ್ರಣವನ್ನು ನಿಷೇಧಿಸುತ್ತದೆ. ಅದರ ಭಾಷೆ ಹೆಣ್ಣಿನ ‘ದೇಹ’, ‘ಅಂಗ’, ‘ಸಾರ್ವಜನಿಕ ನೈತಿಕತೆ’ಯ ಸುತ್ತ ಇದೆ. ಮೈ ಕಾಣಿಸಿದರೆ ಹಿಡಿಯಬಲ್ಲ ಈ ಬಲೆಯಿಂದ, ಹೆಣ್ಣಿನ ಮಾತನ್ನು ತಿರುಚಿ ಚಾರಿತ್ರ್ಯ ಕಟ್ಟುವ ಸಂಕಲನ ನುಸುಳಿ ಹೋಗುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನೌಕರಳಲ್ಲದ ಮಹಿಳೆಯ ದೂರನ್ನೂ ಸ್ವೀಕರಿಸುತ್ತದೆ. ಬಿಗ್ ಬಾಸ್ ಮನೆ ನೂರಾರು ಮಂದಿ ದುಡಿಯುವ ಕೆಲಸದ ಸ್ಥಳ ಎಂಬುದನ್ನು ಒಪ್ಪಿಕೊಂಡರೆ, ಅಲ್ಲಿ ಹೆಣ್ಣಿನ ಮೇಲಾಗುವ ವರ್ತನೆಯನ್ನು ‘ಟಾಸ್ಕಿನ ಭಾಗ’ ಎಂದು ತಳ್ಳಿಹಾಕುವುದು ಕಷ್ಟವಾಗುತ್ತದೆ.

ಬ್ರಿಟನ್ ಬೇರೆ ದಾರಿ ಹಿಡಿಯಿತು. 2021ರ ಏಪ್ರಿಲಿನಿಂದ ಜಾರಿಗೆ ಬಂದ ಆಫ್‌ಕಾಮ್ ನಿಯಮಗಳು ಭಾಗವಹಿಸುವವರ ಮಾನಸಿಕ ಯೋಗಕ್ಷೇಮದ ಹೊಣೆಯನ್ನು ಪ್ರಸಾರಕರ ಮೇಲೆ ಹೊರಿಸಿದವು. ತಮ್ಮ ಮೇಲೆ ಆಗಬಹುದಾದ ಪರಿಣಾಮವನ್ನು ಸ್ಪರ್ಧಿಗಳಿಗೆ ಮೊದಲೇ ತಿಳಿಸಬೇಕು ಎನ್ನುವುದೂ ಅದರಲ್ಲಿ ಸೇರಿದೆ. ತಿಳಿದು ಕೊಟ್ಟ ಒಪ್ಪಿಗೆ ಎಂಬ ಮಾತಿಗೆ ಅಲ್ಲಿ ಹೀಗೆ ಸ್ವಲ್ಪ ತೂಕ ಬಂತು.

ಮುಂದೇನಾಗಬಹುದು

ಅಂಥ ಹೊಣೆಗಾರಿಕೆ ಇಲ್ಲಿ ಬರುವ ತನಕ ಪ್ರತಿ ಆವೃತ್ತಿಯಲ್ಲೂ ಇದೇ ಸರಣಿ ಮರುಕಳಿಸುವ ಸಂಭವ ಹೆಚ್ಚು: ಒಂದು ದೃಶ್ಯ, ಅದರ ವಿರುದ್ಧ ದೂರು, ದೂರೇ ಸುದ್ದಿ, ಸುದ್ದಿಯಿಂದ ಇನ್ನಷ್ಟು ವೀಕ್ಷಕರು. ದೂರು ಕೊಡುವುದೇ ಪ್ರಚಾರವಾಗುವ ಈ ಸುಳಿಯಲ್ಲಿ ಬಿಸಿ ತಟ್ಟುವುದು ಚಾನೆಲಿಗಿಂತ ಆ ಸ್ಪರ್ಧಿಗೆ. ಆಕೆಯ ಹೆಸರು ಆ ದೂರಿನೊಂದಿಗೇ ಹುಡುಕಾಟದ ಫಲಿತಾಂಶದಲ್ಲಿ ಉಳಿದುಬಿಡುತ್ತದೆ.

ಉಡುಪಿಯ ಒಬ್ಬ ಸಾಮಾನ್ಯ ವೀಕ್ಷಕಿಗೆ ದಾರಿಯೇ ಇಲ್ಲವೆಂದಲ್ಲ. 2021ರ ಜೂನಿನಲ್ಲಿ ತಿದ್ದುಪಡಿಯಾದ ಕೇಬಲ್ ನಿಯಮಗಳ ಪ್ರಕಾರ ಆಕೆ ಚಾನೆಲಿಗೆ ಬರೆದರೆ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಬರಬೇಕು. ಉತ್ತರ ತೃಪ್ತಿಕರವಲ್ಲದಿದ್ದರೆ ಮುಂದಿನ 15 ದಿನದೊಳಗೆ ಪ್ರಸಾರಕರದ್ದೇ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಅದಕ್ಕೆ ತೀರ್ಮಾನಿಸಲು 60 ದಿನ. ಮೂರನೇ ಹಂತ ಕೇಂದ್ರ ಸರ್ಕಾರದ್ದು. 11ನೇ ಆವೃತ್ತಿ 2024ರ ಸೆಪ್ಟೆಂಬರ್ 29ರಿಂದ 2025ರ ಜನವರಿ 26ರವರೆಗೆ, ಹೆಚ್ಚುಕಡಿಮೆ 120 ದಿನ ನಡೆಯಿತು. ಎರಡನೇ ತಿಂಗಳಿನಲ್ಲಿ ಕಂಡ ದೃಶ್ಯದ ಬಗ್ಗೆ ಬರೆದ ದೂರು ಈ ಗಡುವುಗಳನ್ನೆಲ್ಲ ಪೂರ್ತಿ ಬಳಸಿಕೊಂಡು ಎರಡನೇ ಹಂತ ದಾಟುವಾಗ ಟ್ರೋಫಿ ಎತ್ತಿಯಾಗಿರುತ್ತದೆ, ಸೆಟ್ ಬಿಚ್ಚಿಯಾಗಿರುತ್ತದೆ.